ಮದುಮಕ್ಕಳು ಊಟಿಯನ್ನು ಬಿಟ್ಟರೇ? ಮೈಸೂರಿನ ಬಾಡಿಗೆ ಕಾರಿನವರ ಗತಿ ಏನು?

ಹಳೆಯ ಅಂಬಾಸಿಡರ್
ಮೈಸೂರಿನಲ್ಲಿ ಬಾಡಿಗೆ ಕಾರು ಓಡಿಸುವ ನನ್ನಂಥವರ ಮನೆಯಲ್ಲಿ ಒಂದು ಕಾಲಕ್ಕೆ ಒಲೆ ಉರಿಯುತ್ತಿದ್ದುದೇ ಹೊಸದಾಗಿ ಮದುವೆಯಾದವರಿಂದ. ಹುಬ್ಬಳ್ಳಿ, ದಾವಣಗೆರೆ, ಕಲಬುರಗಿ ಕಡೆಯವರು ರಾತ್ರಿ ರೈಲು ಹತ್ತಿ ಬೆಳಿಗ್ಗೆ ಇಲ್ಲಿ ಇಳಿಯುತ್ತಿದ್ದರು. ಮೊದಲ ದಿನ ಅರಮನೆ, ಚಾಮುಂಡಿ ಬೆಟ್ಟ, ಸಂಜೆ ಬೃಂದಾವನದ ಕಾರಂಜಿ. ಮರುದಿನ ನಸುಕಿನಲ್ಲಿ ಹೊರಟು ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿ. ಹೋಗುವಾಗ ಹಿಂದಿನ ಸೀಟಿನ ಎರಡು ಕಿಟಕಿಗಳಿಗೆ ಅಂಟಿಕೊಂಡು ಕುಳಿತಿದ್ದ ಗಂಡ ಹೆಂಡತಿ, ಬರುವಾಗ ಒಂದೇ ಶಾಲು ಹೊದ್ದಿರುತ್ತಿದ್ದರು. ಒಳಗಿನ ಕನ್ನಡಿಯನ್ನು ಛಾವಣಿಯ ಕಡೆಗೆ ತಿರುಗಿಸಿಟ್ಟು ಪಕ್ಕದ ಕನ್ನಡಿ ನೋಡಿಕೊಂಡೇ ಗಾಡಿ ಓಡಿಸಬೇಕು ಎಂಬುದು ನಮ್ಮ ಸ್ಟ್ಯಾಂಡಿನಲ್ಲಿ ಯಾರೂ ಬರೆದಿಡದ ಕಟ್ಟಳೆ.

ಈಗ ಮದುವೆಯ ಸೀಸನ್ ಬಂದರೂ ಅಂಥ ಬುಕಿಂಗ್ ಇಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 2024ರ ಮೇ 7ರಿಂದ ಊಟಿಗೆ ಹೋಗುವ ಹೊರಗಿನ ಗಾಡಿಗಳಿಗೆ ಇ-ಪಾಸ್ ಎಂಬ ಆನ್‌ಲೈನ್ ಪರವಾನಗಿ ಕಡ್ಡಾಯ. 2025ರ ಬೇಸಿಗೆಯಲ್ಲಿ ಅದರ ಮೇಲೆ ಮಿತಿ ಬೇರೆ: ವಾರದ ದಿನಗಳಲ್ಲಿ 6,000 ವಾಹನ, ವಾರಾಂತ್ಯದಲ್ಲಿ 8,000. ತಾಳಿ ಕಟ್ಟಿದ ಹೆಂಡತಿಯನ್ನು ಕರೆದುಕೊಂಡು ಹೋಗುವುದಕ್ಕೂ ಅಪ್ಪಣೆ ಚೀಟಿ! ಊಟಿಯನ್ನು ಕೊಂದದ್ದು ಇ-ಪಾಸ್. ಊಟಿ ಮುಳುಗಿದರೆ ಮೈಸೂರಿನ ಬೃಂದಾವನವೂ ಮುಳುಗುತ್ತದೆ. ಬೇರೆ ಕಾರಣ ಇದೆ ಎನ್ನುವವರು ಬರಲಿ, ನೋಡೋಣ.

ರಸಬಾಳೆ
‘ಕೊಂದದ್ದು ಇ-ಪಾಸ್’ ಎಂದಿರಿ. ಅದು ಬಂದದ್ದು 2024ರಲ್ಲಿ. ನಿಮ್ಮ ಶಾಲು ಹೊದ್ದ ಜೋಡಿಗಳು ಕಾಣೆಯಾದದ್ದು ಯಾವಾಗ? ಆ ವರ್ಷವನ್ನು ಮಾತ್ರ ಜಾಣತನದಿಂದ ಬಿಟ್ಟಿದ್ದೀರಿ. ಮದ್ರಾಸ್ ಹೈಕೋರ್ಟ್ ಕೆಲಸವಿಲ್ಲದೆ ಕುಳಿತು ಈ ಪಾಸನ್ನು ಕಂಡುಹಿಡಿಯಲಿಲ್ಲ. ಸೀಸನ್ನಿನಲ್ಲಿ ದಿನಕ್ಕೆ ಹನ್ನೊಂದು ಸಾವಿರಕ್ಕೂ ಹೆಚ್ಚು ಕಾರುಗಳು ಆ ಬೆಟ್ಟ ಹತ್ತುತ್ತಿವೆ ಎಂಬ ಲೆಕ್ಕ ಅದರ ಮುಂದೆ ಬಂದಿತ್ತು. ಬಸ್ಸು, ವ್ಯಾನು, ಬೈಕುಗಳ ಲೆಕ್ಕ ಬೇರೆ. 1820ರ ದಶಕದಲ್ಲಿ ಸಲ್ಲಿವನ್ ಎಂಬ ಕಲೆಕ್ಟರ್ ಕೆರೆ ಕಟ್ಟಿಸಿ ಬೆಳೆಸಿದ ತಂಪಿನ ಊರು ಇಷ್ಟು ಚಕ್ರಗಳಿಗಾಗಿ ಹುಟ್ಟಿದ್ದಲ್ಲ. ಊಟಿಯ ಚಾರಿಂಗ್ ಕ್ರಾಸ್‌ನಲ್ಲಿ ಗಾಜು ಏರಿಸಿಕೊಂಡು, ಮುಂದಿನ ಟೆಂಪೊದ ಹೊಗೆ ನೋಡುತ್ತಾ ಕೂರುವುದು ಯಾವ ಸೀಮೆಯ ಮಧುಚಂದ್ರ? ಪಾಸ್ ಉಚಿತ, ಮೊಬೈಲಿನಲ್ಲೇ ಸಿಗುತ್ತದೆ. ಊಟಿಯನ್ನು ಕೊಂದದ್ದು ಗಾಡಿಗಳು, ಸ್ವಾಮಿ. ಅವುಗಳಲ್ಲಿ ನಿಮ್ಮದೂ ಒಂದು.

ಹಳೆಯ ಅಂಬಾಸಿಡರ್
‘ಉಚಿತ’ ಎಂದ ಮಾತ್ರಕ್ಕೆ ಕಷ್ಟವಿಲ್ಲ ಎಂದಾಯಿತೇ? ತಮಿಳುನಾಡು ಗಡಿಯ ಕೆಕ್ಕನಹಳ್ಳದ ಚೆಕ್‌ಪೋಸ್ಟಿಗೆ ಒಮ್ಮೆ ಬನ್ನಿ. ಪಾಸ್ ತೋರಿಸಬೇಕು. ಪ್ಲಾಸ್ಟಿಕ್ ನೀರಿನ ಬಾಟಲಿ ಇದೆಯೇ ಎಂದು ಡಿಕ್ಕಿ ತೆರೆಯಬೇಕು. ಮದುವಣಗಿತ್ತಿಯ ಹೊಸ ಸೂಟ್‌ಕೇಸು, ತವರಿನವರು ಕಟ್ಟಿಕೊಟ್ಟ ಚಕ್ಕುಲಿಯ ಡಬ್ಬ, ಎಲ್ಲವೂ ರಸ್ತೆಯ ಬದಿಯಲ್ಲಿ. ಇದರ ಮೇಲೆ 2009ರಿಂದ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಮಸಿನಗುಡಿಯ ಕಡೆಯಿಂದ 36 ತಿರುವಿನ ಕಲ್ಲಟ್ಟಿ ಘಾಟಿ ಹತ್ತಿರದ ದಾರಿ, ಆದರೆ ಹೊರಗಿನ ಗಾಡಿಗಳು ಅಲ್ಲಿ ಇಳಿಯುವಂತಿಲ್ಲ. ಗೂಡಲೂರು ಸುತ್ತಿ ಬರಬೇಕು. ಒಂದು ಗಂಟೆ ತಡವಾದರೆ ಮೈಸೂರಿಗೆ ಹಿಂದಿರುಗುವುದು ಮರುದಿನವೇ. ಇಷ್ಟು ಬೇಲಿ ಹಾಕಿದರೆ ಯಾರು ಬರುತ್ತಾರೆ?

ಸಕ್ಕರೆ ನಾಡು
ಪಾಸು, ಬಾಟಲಿ, ಘಾಟಿ ಎಲ್ಲವನ್ನೂ ನೀವೇ ಬಗೆಹರಿಸಿಕೊಳ್ಳಿ. ನನ್ನ ಕಣ್ಣಿಗೆ ಬಿದ್ದದ್ದು ಮೊದಲ ಪೋಸ್ಟಿನ ಎರಡು ಪದ: ‘ಮೈಸೂರಿನ ಬೃಂದಾವನ’. ಬೃಂದಾವನ ಮೈಸೂರಿನದಲ್ಲ. ಕನ್ನಂಬಾಡಿ ಕಟ್ಟೆಯೂ ಮೈಸೂರಿನದಲ್ಲ. ಎರಡೂ ಮಂಡ್ಯ ಜಿಲ್ಲೆ, ಶ್ರೀರಂಗಪಟ್ಟಣ ತಾಲ್ಲೂಕು. ಕಾರಿನ ಹಿಂದೆ ‘ಮೈಸೂರು ದರ್ಶನ’ ಎಂದು ಬರೆಸಿಕೊಂಡು ನಮ್ಮ ಜಿಲ್ಲೆಯನ್ನು ತೋರಿಸಿ ದುಡ್ಡು ಮಾಡಿದವರು ಈಗ ವ್ಯಾಪಾರ ಬಿದ್ದಿತೆಂದು ಅಳುತ್ತಿದ್ದಾರೆ. ಮೊದಲು ವಿಳಾಸ ಸರಿಯಾಗಿ ಬರೆಯಿರಿ.

ಒಂಟಿಕೊಪ್ಪಲಿನವ
‘ವಿಳಾಸ ಸರಿಯಾಗಿ’ ಎಂಬ ಸಲಹೆಗೆ ಧನ್ಯವಾದಗಳು. ಇತಿಹಾಸವನ್ನೂ ಸರಿಯಾಗಿ ಬರೆಯೋಣ. ಕಟ್ಟೆಯ ಕೆಲಸ ಆರಂಭವಾದದ್ದು 1911ರಲ್ಲಿ. ಉದ್ಯಾನದ ಕೆಲಸ 1927ರಲ್ಲಿ ತೊಡಗಿ 1932ರಲ್ಲಿ ಮುಗಿಯಿತು. ಮಾಡಿಸಿದವರು ಮೈಸೂರು ಸಂಸ್ಥಾನದ ದಿವಾನ್ ಮಿರ್ಜಾ ಇಸ್ಮಾಯಿಲ್, ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಮಂಡ್ಯ ಜಿಲ್ಲೆ ಹುಟ್ಟಿದ್ದು 1939ರ ಜುಲೈ 1ರಂದು. ಅಂದರೆ ಬೃಂದಾವನದಲ್ಲಿ ಮೊದಲ ಹೂ ಬಿಟ್ಟಾಗ ಸನ್ಮಾನ್ಯರ ಜಿಲ್ಲೆ ಭೂಪಟದಲ್ಲಿ ಇರಲಿಲ್ಲ.

ಮಳೆಬಿಸಿಲು
ಮಧುಚಂದ್ರದ ಚರ್ಚೆಯಲ್ಲಿ ಇಷ್ಟು ಹೊತ್ತಾದರೂ ಹೆಂಡತಿಯ ಕಡೆಯಿಂದ ಒಂದು ಮಾತೂ ಬಂದಿಲ್ಲ. ನನ್ನ ಮದುವೆ ಇತ್ತೀಚೆಗೆ ಆಯಿತು, ಊಟಿಗೆ ಹೋಗಲಿಲ್ಲ. ಇ-ಪಾಸ್ ಎಂಬುದೊಂದು ಇದೆ ಎಂಬುದು ಇಲ್ಲಿ ಓದಿದ ಮೇಲೆ ಗೊತ್ತಾಯಿತು. ಥಾಯ್ಲೆಂಡ್ 2023ರ ನವೆಂಬರಿನಲ್ಲಿ, ಮಲೇಷ್ಯಾ ಅದೇ ಡಿಸೆಂಬರಿನಲ್ಲಿ ಭಾರತೀಯರಿಗೆ ವೀಸಾ ಬೇಡ ಎಂದವು. ಬೆಂಗಳೂರಿನಿಂದ ವಿಮಾನ ಹತ್ತಿದರೆ ಬ್ಯಾಂಕಾಕ್ ತಲುಪುವ ಹೊತ್ತಿಗೂ, ಮೇ ತಿಂಗಳ ಶನಿವಾರ ಮೈಸೂರಿನಿಂದ ಊಟಿ ತಲುಪುವ ಹೊತ್ತಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಇನ್ನೊಂದು ಮಾತು. ನನ್ನ ಅಮ್ಮ ಊಟಿಗೆ ಹೋದಾಗ ಅಪ್ಪನ ಜೊತೆ ಬಿಡುವಾಗಿ ಮಾತಾಡಿದ್ದು ಅದೇ ಮೊದಲು. ಅತ್ತೆ, ಮಾವ, ಮೂವರು ಮೈದುನರು, ನಡುಮನೆಯಲ್ಲಿ ಮಲಗುವ ಸೋದರತ್ತೆ ಇದ್ದ ಮನೆಯಿಂದ ಹೊರಗೆ ಒಂದು ಬಾಗಿಲು ಮುಚ್ಚುವ ಕೋಣೆ ಬೇಕಿತ್ತು. ಬೆಟ್ಟ, ಹೂವು, ಕೆರೆ ಆ ಮೇಲೆ. ನಮಗೆ ಬಾಡಿಗೆ ಮನೆಯಲ್ಲೇ ಆ ಕೋಣೆ ಇದೆ. ಹಾಗಿರುವಾಗ ಹನಿಮೂನ್ ಎಂದರೆ ಬರೀ ಪ್ರವಾಸ. ಪ್ರವಾಸಕ್ಕೆ ಹೋಗುವವರು ಹೊಸ ಜಾಗ ನೋಡುತ್ತಾರೆ, ಅಪ್ಪ ಅಮ್ಮ ಫೋಟೊ ತೆಗೆಸಿಕೊಂಡ ಗುಲಾಬಿ ತೋಟವನ್ನಲ್ಲ.

ಸಕ್ಕರೆ ನಾಡು
@ಒಂಟಿಕೊಪ್ಪಲಿನವ ‘ಭೂಪಟದಲ್ಲಿ ಇರಲಿಲ್ಲ’! ಜಿಲ್ಲೆ ಇರಲಿಲ್ಲ, ನೆಲ ಇತ್ತಲ್ಲವೇ? ನೀರಿನಡಿ ಹೋದ ಹಳೆಯ ಕನ್ನಂಬಾಡಿ ಇತ್ತಲ್ಲವೇ? ಅಲ್ಲಿನ ಗದ್ದೆ, ಗುಡಿ, ಮನೆ ಬಿಟ್ಟು ಎದ್ದು ಹೋದವರು ಯಾರು, ಮೈಸೂರಿನ ಒಂಟಿಕೊಪ್ಪಲಿನವರೇ? ಅಣೆಕಟ್ಟೆಯಲ್ಲಿ 124.80 ಅಡಿ ನೀರು ನಿಂತರೆ ಕಾರಂಜಿಯ ಚೆಂದ ನಿಮಗೆ, ತಳ ಕಂಡರೆ ಒಣಗುವ ಬೆಳೆ ನಮಗೆ. ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ.

ಒಂಟಿಕೊಪ್ಪಲಿನವ
@ಸಕ್ಕರೆ ನಾಡು ಭಾವನೆ ಬೇರೆ, ದಾಖಲೆ ಬೇರೆ. ‘ಕೊಟ್ಟವನು’ ಎಂದಿರಿ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದದ್ದು ಯಾರ ಗದ್ದೆಗೆ? ಮಂಡ್ಯ ಸಕ್ಕರೆಯ ಜಿಲ್ಲೆಯಾದದ್ದು ಯಾವ ಕಟ್ಟೆಯಿಂದ? ಮೈಸೂರಿನ ಅರಸರು ಕಟ್ಟಿಸಿದ ಕಟ್ಟೆಯ ನೀರಿನಲ್ಲಿ ಕಬ್ಬು ಬೆಳೆದು ಈಸಿಕೊಂಡವರು ಯಾರೆಂದು ಗಾದೆಯನ್ನು ಇನ್ನೊಮ್ಮೆ ಓದಿಕೊಳ್ಳಿ.

ಸಕ್ಕರೆ ನಾಡು
(ಈ ಪ್ರತಿಕ್ರಿಯೆಯನ್ನು ನಿರ್ವಾಹಕರು ತೆಗೆದಿದ್ದಾರೆ.)

ಹಳೆಯ ಅಂಬಾಸಿಡರ್
@ಮಳೆಬಿಸಿಲು ‘ಬರೀ ಪ್ರವಾಸ’ ಎಂದುಬಿಟ್ಟಿರಲ್ಲ, ಮೇಡಂ. ಬ್ಯಾಂಕಾಕಿನಲ್ಲಿ ಪ್ರವಾಸ ಮಾಡಿದವರು ಅಲ್ಲಿನ ಟ್ಯಾಕ್ಸಿಯವನಿಗೆ ದುಡ್ಡು ಕೊಟ್ಟು ಬಂದಿರಿ. ಇಲ್ಲಿ ನಂಜನಗೂಡಿನ ಟೀ ಅಂಗಡಿ, ಗುಂಡ್ಲುಪೇಟೆಯಲ್ಲಿ ಸೂರ್ಯಕಾಂತಿ ಹೊಲದ ಬದಿಗೆ ಫೋಟೊಗೆಂದು ನಿಲ್ಲಿಸಿದರೆ ಹತ್ತು ರೂಪಾಯಿ ಕೇಳುವ ರೈತ, ನಾವು, ಇಷ್ಟೂ ಜನ ಆ ಎರಡು ದಿನದಲ್ಲಿ ಬದುಕುತ್ತಿದ್ದೆವು.

ಮಳೆಬಿಸಿಲು
@ಹಳೆಯ ಅಂಬಾಸಿಡರ್ ನಿಮ್ಮ ಬದುಕಿಗಾಗಿ ನಾನು ಮಧುಚಂದ್ರ ಮಾಡಿಕೊಳ್ಳಬೇಕೇ, ಅಣ್ಣ? ಮದುವೆಗೆ ಮೊದಲೊಮ್ಮೆ ಗೆಳತಿಯರ ಜೊತೆ ನೀಲಗಿರಿಗೆ ಹೋಗಿದ್ದೆ. ನಮ್ಮ ಮುಂದೆಯೇ ಹೊಸ ಜೋಡಿಯೊಂದನ್ನು ಲಾಡ್ಜಿನ ಕೌಂಟರಿನವ ಮದುವೆಯ ಫೋಟೊ ತೋರಿಸಿ ಎಂದು ನಿಲ್ಲಿಸಿಕೊಂಡಿದ್ದ. ಆ ಹುಡುಗಿ ಕೈಯ ಮದರಂಗಿ ತೋರಿಸಿದಳು, ಸಾಲದು ಎಂದ. ಕೊನೆಗೆ ಲಗ್ನಪತ್ರಿಕೆಯ ಚಿತ್ರ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಟ್ಟರು. ಪತ್ರಿಕೆಯಲ್ಲಿದ್ದ ಹೆಸರನ್ನೂ ಆಧಾರ್ ಕಾರ್ಡನ್ನೂ ಆ ಮಹಾಶಯ ಬೆರಳಿಟ್ಟು ಹೋಲಿಸಿದ. ಊಟಿ ಏಕೆ ಬಿದ್ದಿತು ಎಂದು ಹೈಕೋರ್ಟಿನ ಕಡೆ ನೋಡುವ ಮೊದಲು ಆ ಕೌಂಟರಿನ ಕಡೆ ನೋಡಿ.

ಹಳೆಯ ಅಂಬಾಸಿಡರ್
@ಮಳೆಬಿಸಿಲು ಲಾಡ್ಜಿನವನು ಕೇಳಿದ್ದು ಪೊಲೀಸರ ಭಯದಿಂದ ಇರಬಹುದು. ಗೆಳತಿಯರ ಜೊತೆ ಹೋದವರಿಗೆ ಮಧುಚಂದ್ರದ ಊಟಿಯ ಅನುಭವ ಹೇಗಾಗುತ್ತದೆ?

ದೂರದ ಮದ್ದೂರು
ನಾನು ಮದ್ದೂರಿನವನು, ಈಗ ಇರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಇಲ್ಲಿ ಪೊಕೊನೊ ಎಂಬ ಬೆಟ್ಟಸಾಲು ಇದೆ; ನ್ಯೂಯಾರ್ಕಿನಿಂದ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಬಂದು ಸಾಲಾಗಿ ಮದುವೆಯಾದಾಗ, 1945ರಲ್ಲಿ ಮದುಮಕ್ಕಳಿಗೆಂದೇ ಇಲ್ಲಿ ಮೊದಲ ರೆಸಾರ್ಟ್ ತೆರೆಯಿತು. 1963ರಲ್ಲಿ ಕೋವ್ ಹೇವನ್ ಎಂಬ ರೆಸಾರ್ಟಿನ ಮಾರಿಸ್ ವಿಲ್ಕಿನ್ಸ್ ಹೃದಯದ ಆಕಾರದ ಸ್ನಾನದ ತೊಟ್ಟಿ ಮಾಡಿಸಿದ. ಇಬ್ಬರು ಇಳಿಯುವಂಥದ್ದು, ಸುತ್ತಲೂ ಕನ್ನಡಿ. 1971ರಲ್ಲಿ ಲೈಫ್ ಪತ್ರಿಕೆ ಅದರ ಚಿತ್ರವನ್ನು ಎರಡು ಪುಟಗಳಿಗೆ ಹರಡಿ ಹಾಕಿದ ಮೇಲೆ ಕೇಳಬೇಕೇ? ಅವನು ಪೇಟೆಂಟ್ ಪಡೆದಿರಲಿಲ್ಲ, ಪಕ್ಕದ ರೆಸಾರ್ಟಿನವರೂ ಅದನ್ನೇ ಮಾಡಿಸಿದರು. 1984ರಲ್ಲಿ ಷಾಂಪೇನ್ ಲೋಟದ ಆಕಾರದ, ಏಳು ಅಡಿ ಎತ್ತರದ ಇನ್ನೊಂದು ತೊಟ್ಟಿ ಬಂತು. ‘ಜಗತ್ತಿನ ಮಧುಚಂದ್ರದ ರಾಜಧಾನಿ’ ಎಂದು ಆ ಸೀಮೆ ತನಗೆ ತಾನೇ ಬಿರುದು ಕೊಟ್ಟುಕೊಂಡಿತ್ತು.

ಆ ಮೇಲೆ ವಿಮಾನದ ದರ ಇಳಿಯಿತು, ಕೆರಿಬಿಯನ್ ದ್ವೀಪಗಳು ಹತ್ತಿರವಾದವು. ಹೆಸರಾಂತ ಮೌಂಟ್ ಏರಿ ಲಾಡ್ಜ್ 2001ರಲ್ಲಿ ಮುಚ್ಚಿತು. ಆ ಜಾಗದಲ್ಲಿ 2007ರಲ್ಲಿ ಕ್ಯಾಸಿನೊ ಎದ್ದಿತು. ಪೆನ್ ಹಿಲ್ಸ್ 2009ರಲ್ಲಿ ಬಾಗಿಲು ಹಾಕಿ ಪಾಳುಬಿದ್ದಿತು. ಈಗ ಜನ ಬರುತ್ತಾರೆ, ಆದರೆ ಮಕ್ಕಳನ್ನು ಕಟ್ಟಿಕೊಂಡು, ಛಾವಣಿಯೊಳಗಿನ ದೊಡ್ಡ ವಾಟರ್ ಪಾರ್ಕುಗಳಿಗೆ. 2005ರಲ್ಲಿ ಒಂದು, 2015ರಲ್ಲಿ ಇನ್ನೊಂದು ಬಂದವು. ಗಮನಿಸಿ: ಅಲ್ಲಿ ಇ-ಪಾಸ್ ಇರಲಿಲ್ಲ, ಚೆಕ್‌ಪೋಸ್ಟ್ ಇರಲಿಲ್ಲ, ಲಗ್ನಪತ್ರಿಕೆ ಕೇಳುವವರೂ ಇರಲಿಲ್ಲ. ಆದರೂ ಮದುಮಕ್ಕಳು ಬಿಟ್ಟುಹೋದರು.

ಒಂಟಿಕೊಪ್ಪಲಿನವ
@ದೂರದ ಮದ್ದೂರು ‘ಸುತ್ತಲೂ ಕನ್ನಡಿ’ ಇರುವ ತೊಟ್ಟಿಯನ್ನೂ ನಮ್ಮ ಬೃಂದಾವನವನ್ನೂ ಒಂದೇ ತಕ್ಕಡಿಗೆ ಹಾಕಿದ್ದೀರಿ. ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಉದ್ಯಾನ ಇದು. ಅಭಿರುಚಿಯೆಂಬುದೊಂದು ಇದೆ.

ದೂರದ ಮದ್ದೂರು
@ಒಂಟಿಕೊಪ್ಪಲಿನವ ನಾನು ತಕ್ಕಡಿಗೆ ಹಾಕಿದ್ದು ಊಟಿಯನ್ನು. ಅಷ್ಟು ಉದ್ದ ಬರೆದದ್ದರಲ್ಲಿ ನಿಮಗೆ ಕಂಡದ್ದು ತೊಟ್ಟಿ ಮಾತ್ರವೇ?

ಸಕ್ಕರೆ ನಾಡು
‘ನಮ್ಮ ಬೃಂದಾವನ’! ಇವರು ಬಿಡುವ ಹಾಗಿಲ್ಲ. ದೂರದ ಮದ್ದೂರಿನವರೇ, ನೀವು ನಮ್ಮವರಾಗಿ ವಾಟರ್ ಪಾರ್ಕ್ ಎಂಬ ಮಾತನ್ನು ಇಲ್ಲಿ ಎತ್ತಬಾರದಿತ್ತು. 2018ರಲ್ಲಿ ಕೆಆರ್‌ಎಸ್ ಬಳಿ ಡಿಸ್ನಿಲ್ಯಾಂಡ್ ಮಾದರಿ ಎಂದರು. 2024ರಲ್ಲಿ ಬೃಂದಾವನಕ್ಕೆ 2,600 ಕೋಟಿ ರೂಪಾಯಿಗೂ ಹೆಚ್ಚಿನ ಯೋಜನೆ, ಖಾಸಗಿಯವರ ಸಹಭಾಗಿತ್ವ ಎಂದರು. ಕಟ್ಟೆಯ ಬುಡದಲ್ಲಿ ಮೋಜಿನ ಯಂತ್ರ ಕಟ್ಟಿದರೆ ಕಟ್ಟೆಯ ಗತಿ ಏನು ಎಂದು ಕೇಳಿದವರು ಮಂಡ್ಯದ ರೈತರು. ಮೈಸೂರಿನಿಂದ ಒಬ್ಬರೂ ಬರಲಿಲ್ಲ. ಹೋಟೆಲಿನವರು ರೂಮಿನ ದರ ಏರಿಸುವ ಲೆಕ್ಕದಲ್ಲಿದ್ದರು.

ರಸಬಾಳೆ
ಇಬ್ಬರಿಗೂ ಒಂದು ಮಾಹಿತಿ: ಬೃಂದಾವನ ಇರುವುದು ಕಾವೇರಿ ನೀರಾವರಿ ನಿಗಮದ ಕೈಯಲ್ಲಿ. ಮೈಸೂರು ನಗರಪಾಲಿಕೆಗೂ ಇಲ್ಲ, ಮಂಡ್ಯ ನಗರಸಭೆಗೂ ಇಲ್ಲ. ಇನ್ನು ಮದುಮಕ್ಕಳು ಹೋಗಲಿ, 2022ರ ಕೊನೆಯಲ್ಲಿ ಚಿರತೆ ಕಾಣಿಸಿಕೊಂಡು ಆ ಉದ್ಯಾನವನ್ನೇ ಕೆಲವು ವಾರ ಮುಚ್ಚಿದ್ದರು. ಯಾರ ಜಿಲ್ಲೆ ಎಂದು ಅದು ಕೇಳಿಕೊಂಡು ಬರಲಿಲ್ಲ.

ಒಂಟಿಕೊಪ್ಪಲಿನವ
@ಸಕ್ಕರೆ ನಾಡು ‘ರೂಮಿನ ದರ’ ಎಂಬಲ್ಲಿಗೆ ಬಂದಿರಿ, ಸಂತೋಷ. ಬೃಂದಾವನ ನೋಡಲು ಬಂದವರು ರಾತ್ರಿ ಎಲ್ಲಿ ಉಳಿಯುತ್ತಾರೆ? ಮೈಸೂರಿನಲ್ಲಿ. ಏಕೆ? ಕಟ್ಟೆ ಮೈಸೂರಿನಿಂದ 20 ಕಿಲೋಮೀಟರಿನ ಆಸುಪಾಸಿನಲ್ಲಿದೆ, ಮಂಡ್ಯ ಪಟ್ಟಣದಿಂದ ಅದರ ಎರಡರಷ್ಟು. ಪ್ರವಾಸಿಗರು ಗೆಜೆಟಿಯರ್ ಓದಿ ಬರುವುದಿಲ್ಲ, ಹತ್ತಿರದ ಊರಿಗೆ ಬರುತ್ತಾರೆ.

ಸಕ್ಕರೆ ನಾಡು
@ಒಂಟಿಕೊಪ್ಪಲಿನವ ‘ಹತ್ತಿರದ ಊರು’ ಎಂಬುದೇ ನಿಯಮವಾದರೆ ಮೈಸೂರಿನ ಪಾಲಿಗೆ ಉಳಿಯುವುದು ಏನೆಂದು ಪಟ್ಟಿ ಮಾಡುತ್ತೇನೆ, ಕೇಳಿ. ರಂಗನತಿಟ್ಟು ಮಂಡ್ಯ ಜಿಲ್ಲೆ. 1940ರಿಂದ ಪಕ್ಷಿಧಾಮ, 2022ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಬಲಮುರಿ, ಎಡಮುರಿ ಮಂಡ್ಯ ಜಿಲ್ಲೆ. ಶ್ರೀರಂಗಪಟ್ಟಣದ ರಂಗನಾಥ, ಕೋಟೆ, ದರಿಯಾ ದೌಲತ್, ನಿಮಿಷಾಂಬ ಮಂಡ್ಯ ಜಿಲ್ಲೆ. ಮೇಲುಕೋಟೆ ಮಂಡ್ಯ ಜಿಲ್ಲೆ. ಕುಡಿಯುವ ನೀರನ್ನೂ ಹೊಂಗಳ್ಳಿ, ಬೆಳಗೊಳದಿಂದ ಏರಿಸಿಕೊಳ್ಳುತ್ತೀರಿ. ಆ ಊರುಗಳೂ ನಮ್ಮವೇ. ಬೆಳಿಗ್ಗೆ ಹಲ್ಲುಜ್ಜುವುದೂ ಮಂಡ್ಯದ ನೀರಿನಲ್ಲಿ, ಸಂಜೆ ಅತಿಥಿಗೆ ತೋರಿಸುವುದೂ ಮಂಡ್ಯದ ನೀರನ್ನು.

ಒಂಟಿಕೊಪ್ಪಲಿನವ
ಸೋಮನಾಥಪುರದ ಕೇಶವ ದೇವಾಲಯ ಮೈಸೂರು ಜಿಲ್ಲೆ. 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇದು ಏಕೋ ನಿಮ್ಮ ಪಟ್ಟಿಯಲ್ಲಿ ಕಾಣಲಿಲ್ಲ.

ಸಕ್ಕರೆ ನಾಡು
ಸೋಮನಾಥಪುರಕ್ಕೆ ಮಧುಚಂದ್ರಕ್ಕೆ ಹೋದವರನ್ನು ನಾನಂತೂ ಕಂಡಿಲ್ಲ.

ಮಳೆಬಿಸಿಲು
ನಾವು ಹೋಗಿದ್ದೆವು. ಮದುವೆಯಾದ ಮರುವಾರ, ಬೈಕಿನಲ್ಲಿ. ಜಗುಲಿಯ ಮೇಲೆ ನಾವಿಬ್ಬರೇ.

ಕಬಿನಿ ಹಿನ್ನೀರು
ಎಚ್.ಡಿ. ಕೋಟೆ ಕಡೆಯ ಒಂದು ರೆಸಾರ್ಟಿನಲ್ಲಿ ಕೆಲಸ ಮಾಡುವವನು ನಾನು. ಮದುಮಕ್ಕಳು ಎಲ್ಲಿ ಹೋದರು ಎಂದು ಕೇಳುತ್ತಿದ್ದೀರಿ. ಕೆಲವರು ನಮ್ಮಲ್ಲಿಗೆ ಬಂದಿದ್ದಾರೆ. ಕೊಡಗಿನ ಹೋಮ್‌ಸ್ಟೇ, ಚಿಕ್ಕಮಗಳೂರಿನ ಎಸ್ಟೇಟ್ ಬಂಗಲೆ, ಕಬಿನಿಯ ದಂಡೆ. ಇವರಿಗೆ ನೋಡುವ ಜಾಗಗಳ ಪಟ್ಟಿ ಬೇಡ. ಕಾರು ಒಮ್ಮೆ ನಿಲ್ಲಿಸಿದರೆ ಹೊರಡುವ ದಿನವೇ ತೆಗೆಯುವುದು. ಬಾಡಿಗೆ ಕಾರಿನವರಿಗೆ ಇದರಲ್ಲಿ ಹುಟ್ಟುವುದೇನೂ ಇಲ್ಲ, ನಿಜ. ಗೋಡೆಯ ಮೇಲೆ ದರಪಟ್ಟಿ ಹಾಕಿ ‘ದೊಡ್ಡಬೆಟ್ಟ, ಬೊಟಾನಿಕಲ್ ಗಾರ್ಡನ್, ಬೋಟ್ ಹೌಸ್, ಕೂನೂರು’ ಎಂದು ಒಂದೇ ದಿನ ನಾಲ್ಕು ಕಡೆ ಇಳಿಸಿ ಹತ್ತಿಸುವ ಪದ್ಧತಿ ಅವರಿಗೆ ಒಗ್ಗುವುದಿಲ್ಲ.

ಹಳೆಯ ಅಂಬಾಸಿಡರ್
@ಕಬಿನಿ ಹಿನ್ನೀರು ‘ಇಳಿಸಿ ಹತ್ತಿಸುವ ಪದ್ಧತಿ’ ಎಂದು ಹಗುರವಾಗಿ ಬರೆಯಬೇಡಿ. ದಾವಣಗೆರೆಯಿಂದ ಬಂದವನು ಹಿಂದಿರುಗಿ ಹೋದಾಗ ಮನೆಯವರು ಏನೇನು ನೋಡಿದಿರಿ ಎಂದು ಕೇಳುತ್ತಿದ್ದರು. ಕೋಣೆಯ ಛಾವಣಿ ನೋಡಿದೆವು ಎನ್ನಲಾಗುತ್ತಿತ್ತೇ? 1848ರಲ್ಲಿ ಮಾಡಿದ ಸಸ್ಯೋದ್ಯಾನ, 2,637 ಮೀಟರ್ ಎತ್ತರದ ದೊಡ್ಡಬೆಟ್ಟ, ಹೋಮ್‌ಮೇಡ್ ಚಾಕೊಲೇಟ್, ಅತ್ತೆಯ ಮಂಡಿನೋವಿಗೆ ನೀಲಗಿರಿ ಎಣ್ಣೆ, ಅಷ್ಟು ಆದರೆ ಮರ್ಯಾದೆ ಉಳಿಯುತ್ತಿತ್ತು. ನಿಮ್ಮ ರೆಸಾರ್ಟಿನ ಒಂದು ರಾತ್ರಿಯ ದರದಲ್ಲಿ ಅವರ ಇಡೀ ಪ್ರವಾಸ ಮುಗಿಯುತ್ತಿತ್ತು.

ರಸಬಾಳೆ
@ಹಳೆಯ ಅಂಬಾಸಿಡರ್ ಈಗ ನಿಮ್ಮ ಬಾಯಿಯಿಂದಲೇ ಬಂತು. ಹೋಗಲೇಬೇಕಾದ ಕಾರಣ ಮನೆಯವರ ಪ್ರಶ್ನೆಯಾಗಿತ್ತು, ಊಟಿಯಲ್ಲ. ಆ ಪ್ರಶ್ನೆ ಹೋಯಿತು, ಊಟಿಯೂ ಹೋಯಿತು. ಇ-ಪಾಸ್ ಎಲ್ಲಿ ಬಂತು ಇದರಲ್ಲಿ?

ಹಳೆಯ ಅಂಬಾಸಿಡರ್
@ರಸಬಾಳೆ ‘ಊಟಿಯೂ ಹೋಯಿತು’ ಎಂದರೆ ಆ ಹನ್ನೊಂದು ಸಾವಿರ ಕಾರುಗಳು ಯಾರವು? ಮೇಲೆ ತುಂಬಿ ತುಳುಕುತ್ತಿದೆ ಎಂದವರು ನೀವೇ, ಈಗ ಹೋಯಿತು ಎನ್ನುವವರೂ ನೀವೇ. ಒಂದು ಕಡೆ ನಿಲ್ಲಿ.

ದೂರದ ಮದ್ದೂರು
ಎರಡೂ ಒಟ್ಟಿಗೆ ಇರಬಹುದು ಎಂಬುದನ್ನೇ ನಾನು ಪೊಕೊನೊ ಉದಾಹರಣೆಯಲ್ಲಿ ಬರೆದದ್ದು. ಜನ ಹೆಚ್ಚುತ್ತಾರೆ, ಮದುಮಕ್ಕಳು ಕಡಿಮೆಯಾಗುತ್ತಾರೆ. ಒಂದು ಸೀಮೆಗೆ ಹನ್ನೆರಡು ಜನರ ಕುಟುಂಬಗಳು ಗುಂಪುಗುಂಪಾಗಿ ಬರತೊಡಗಿದರೆ ಏಕಾಂತ ಬೇಕಾದವರು ಮೊದಲು ಎದ್ದು ಹೋಗುತ್ತಾರೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಮೇಲೆ ನಮ್ಮ ಊರಿನ ಕಥೆಯೂ ಅದೇ. ಗಾಡಿಗಳು ಹೆಚ್ಚಾದವು. ಆದರೆ ಬೈಪಾಸಿನ ಮೇಲೆ ಹಾರಿ ಹೋಗುವವನು ಮದ್ದೂರಿನೊಳಗೆ ಇಳಿದು ವಡೆ ತಿನ್ನುತ್ತಾನೆಯೇ? ಬೆಂಗಳೂರಿನವರು ಬೆಳಿಗ್ಗೆ ಬಂದು ಅರಮನೆ ನೋಡಿ, ಕಾರಂಜಿ ನೋಡಿ, ರಾತ್ರಿ ಮನೆಗೆ ಹೋಗಿ ಮಲಗುತ್ತಾರೆ. ಮೈಸೂರಿನಲ್ಲಿ ಉಳಿಯುತ್ತಿದ್ದ ಆ ಒಂದು ರಾತ್ರಿ ಎಲ್ಲಿ ಹೋಯಿತು ಎಂದು ಹೋಟೆಲಿನವರನ್ನು ಕೇಳಿ.

ಸಕ್ಕರೆ ನಾಡು
‘ವಡೆ’ಯ ವಿಷಯಕ್ಕೆ ಬಂದಿರಿ, ಭೇಷ್. ಎಕ್ಸ್‌ಪ್ರೆಸ್‌ವೇಗೆ ಹೋದ ಹೊಲಗಳಲ್ಲಿ ಎಷ್ಟೋ ಮಂಡ್ಯದವರವು, ಸುತ್ತಿ ಹಾದು ಹೋದದ್ದು ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು, ಲಾಭ ಮೈಸೂರಿಗೆ. ಕನ್ನಂಬಾಡಿಯ ಕಾಲದಿಂದ ನಡೆದು ಬಂದ ಲೆಕ್ಕ ಇದು.

ಒಂಟಿಕೊಪ್ಪಲಿನವ
‘ಲಾಭ ಮೈಸೂರಿಗೆ’ ಎಂದಿರಿ. ಮೇಲಿನ ಪ್ರತಿಕ್ರಿಯೆಯಲ್ಲಿ ನಿಮ್ಮ ಮದ್ದೂರಿನವರೇ ಮೈಸೂರಿನ ರಾತ್ರಿ ಹೋಯಿತು ಎಂದಿದ್ದಾರೆ. ಮೊದಲು ನಿಮ್ಮ ಜಿಲ್ಲೆಯವರು ಒಬ್ಬರನ್ನೊಬ್ಬರು ಓದಿಕೊಳ್ಳಿ.

ನಿರ್ವಾಹಕ
ಚರ್ಚೆಯ ವಿಷಯ ಊಟಿ ಮತ್ತು ಮದುಮಕ್ಕಳು. ಜಿಲ್ಲೆಗಳ ಗಡಿ ವಿವಾದಕ್ಕೆ ಬೇರೆ ಎಳೆ ತೆರೆಯಿರಿ. ಇನ್ನೊಮ್ಮೆ ಎಚ್ಚರಿಸುವುದಿಲ್ಲ.

ಸಕ್ಕರೆ ನಾಡು
ನಿರ್ವಾಹಕರು ಎಲ್ಲಿಯವರು ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಒಂಟಿಕೊಪ್ಪಲಿನವ
ವಿಷಯಕ್ಕೇ ಬರುತ್ತೇನೆ. ಊಟಿಯಲ್ಲೂ ಮೈಸೂರು ಇದೆ ಎಂಬುದನ್ನು ಯಾರೂ ಹೇಳಲಿಲ್ಲ. ಫರ್ನ್‌ಹಿಲ್ ಅರಮನೆ ಮೈಸೂರು ಅರಸರದು. ಅದೇ ಫರ್ನ್‌ಹಿಲ್‌ನಲ್ಲಿ ಕರ್ನಾಟಕ ಸರ್ಕಾರದ ತೋಟಗಾರಿಕಾ ಉದ್ಯಾನ 38 ಎಕರೆಯಷ್ಟಿದೆ, ಕೆಎಸ್‌ಟಿಡಿಸಿಯ (ರಾಜ್ಯ ಪ್ರವಾಸೋದ್ಯಮ ನಿಗಮದ) ಹೋಟೆಲ್ ಮಯೂರ ಸುದರ್ಶನವೂ ಅಲ್ಲೇ ಇದೆ. ಬೇಸಿಗೆಗೆ ಊಟಿಗೆ ಹೋಗುವ ದಾರಿಯನ್ನು ಮೈಸೂರು ಅರಮನೆ ತುಳಿದು ತೋರಿಸಿದ ಮೇಲೆಯೇ ನಮ್ಮ ಜನ ಹಿಂದೆ ಹೋದದ್ದು ಎಂಬುದು ನನ್ನ ಅಭಿಪ್ರಾಯ. ಆ ಗೌರವವನ್ನು ಅಗ್ಗದ ಪ್ಯಾಕೇಜಿನವರು ಕಳೆದರು.

ಹಳೆಯ ಅಂಬಾಸಿಡರ್
‘ಅಗ್ಗದ ಪ್ಯಾಕೇಜಿನವರು’ ಎಂದದ್ದು ನನಗೇ ಎಂದು ಗೊತ್ತಾಯಿತು, ಮೇಷ್ಟ್ರೇ. ಅರಮನೆಯವರು ಊಟಿಗೆ ಹೋದಾಗ ಊರಿಗೆ ಒಂದು ರೂಪಾಯಿ ಬರಲಿಲ್ಲ. ಅಗ್ಗದ ಪ್ಯಾಕೇಜಿನವರು ಹೋದಾಗ ಸ್ಟ್ಯಾಂಡಿನಲ್ಲಿ ಎಲ್ಲರ ಮನೆಯ ಮಕ್ಕಳೂ ಕಾಲೇಜಿಗೆ ಹೋದರು.

ರಸಬಾಳೆ
ಇಷ್ಟೂ ಜನರಲ್ಲಿ ಒಬ್ಬರೂ ಕಾವೇರಿ ಗಲಾಟೆಯ ಹೆಸರು ಎತ್ತಲಿಲ್ಲ. 1991ರಲ್ಲಿ, 2016ರ ಸೆಪ್ಟೆಂಬರಿನಲ್ಲಿ ಏನಾಯಿತು? ಕೆಎ ನಂಬರಿನ ಗಾಡಿ ಅಲ್ಲಿಗೆ ಹೋಗಲು ಹೆದರಿತು, ಟಿಎನ್ ನಂಬರಿನ ಗಾಡಿ ಇಲ್ಲಿಗೆ ಬರಲು ಹೆದರಿತು. ಮದುವೆಯ ಗಡಿಬಿಡಿಯಲ್ಲಿ ಯಾವ ಅಪ್ಪ ಮಗಳನ್ನು ಆ ದಾರಿಗೆ ಕಳಿಸುತ್ತಾನೆ? ಅಂಥ ವರ್ಷದಲ್ಲಿ ಒಮ್ಮೆ ಕೇರಳಕ್ಕೆ ತಿರುಗಿದ ಗಿರಾಕಿ ಮತ್ತೆ ಬರುವುದಿಲ್ಲ.

ಸಕ್ಕರೆ ನಾಡು
@ರಸಬಾಳೆ ಕಾವೇರಿ ಹೋರಾಟವನ್ನು ‘ಗಲಾಟೆ’ ಎಂದಿರಿ. ಮಂಡ್ಯದವರು ರಸ್ತೆಗೆ ಇಳಿದದ್ದು ಬೆಳೆಗಾಗಿ. ನಿಮ್ಮ ಗಿರಾಕಿ ಕೇರಳಕ್ಕೆ ಹೋದ ಎಂಬುದು ಇಲ್ಲಿ ಮುಖ್ಯವಾಯಿತೇ? ಈ ಪದವನ್ನು ತೆಗೆಯುವವರೆಗೆ ನಾನು ಬೇರೇನೂ ಚರ್ಚಿಸುವುದಿಲ್ಲ.

ರಸಬಾಳೆ
ತೆಗೆಯುವುದಿಲ್ಲ. ಬಸ್ಸಿಗೆ ಬೆಂಕಿ ಬಿದ್ದದ್ದನ್ನು ಬೇರೆ ಏನೆಂದು ಕರೆಯಬೇಕು?

ಸಕ್ಕರೆ ನಾಡು
(ಈ ಪ್ರತಿಕ್ರಿಯೆಯನ್ನು ನಿರ್ವಾಹಕರು ತೆಗೆದಿದ್ದಾರೆ.)

ಮಳೆಬಿಸಿಲು
ಬೆಂಕಿಯವರೆಗೂ ಬಂದಿರಿ. ಮದುಮಕ್ಕಳು ಏಕೆ ಬರುವುದಿಲ್ಲ ಎಂದು ಇನ್ನೂ ಯಾರಿಗಾದರೂ ಅನುಮಾನ ಇದೆಯೇ?

ಹಳೆಯ ಅಂಬಾಸಿಡರ್
ನನಗೆ ಇದೆ. ಇ-ಪಾಸ್ ತೆಗೆದು ನೋಡಲಿ, ಆಮೇಲೆ ಮಾತಾಡೋಣ. ಸದ್ಯಕ್ಕೆ ಶನಿವಾರ ಒಂದು ಟೆಂಪೊ ಟ್ರಾವೆಲರ್ ಬುಕಿಂಗ್ ಇದೆ. ಗದಗದವರು, ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಹನ್ನೆರಡು ಜನ. ಬೃಂದಾವನ, ಮರುದಿನ ಊಟಿ. ಪಾಸಿನ ಜಾಲತಾಣ ಬೆಳಿಗ್ಗೆಯಿಂದ ಸುತ್ತುತ್ತಲೇ ಇದೆ. ಯಾರಿಗಾದರೂ ತೆರೆಯುತ್ತಿದೆಯೇ?

ರಸಬಾಳೆ
ತೆರೆಯುತ್ತಿದೆ. ವಾಹನದ ಸಂಖ್ಯೆ, ಜನರ ಸಂಖ್ಯೆ, ಉಳಿಯುವ ಜಾಗ ಕೇಳುತ್ತದೆ. ಎಲ್ಲವನ್ನೂ ತುಂಬಿ ಕಾಯಿರಿ.

ಸಕ್ಕರೆ ನಾಡು
ಬೃಂದಾವನ ತೋರಿಸುವ ದಿನ ಆ ಹನ್ನೆರಡು ಜನರಿಗೆ ಊಟ ಶ್ರೀರಂಗಪಟ್ಟಣದಲ್ಲಿ ಮಾಡಿಸಿ. ಬಿಲ್ಲಿನ ಫೋಟೊ ಇಲ್ಲಿ ಹಾಕಿ.